ನಲವತ್ತರ ಹತ್ತಿರ ಮೊದಲ ಬಸಿರು: ಯಾವಾಗ, ಏನು ಮಾಡಿಕೊಳ್ಳಬೇಕು

ನನ್ನ ಮಗಳು ಹುಟ್ಟಿದಾಗ ನನಗೆ 39, ನನ್ನ ಅಮ್ಮನಿಗೆ 68. ಮೊದಲ ಲೆಕ್ಕವನ್ನು ನೆಂಟರೆಲ್ಲ ಹಾಕಿದ್ದರು. ಎರಡನೇ ಲೆಕ್ಕ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮೊಣಕಾಲು ಮಡಚಲಾಗದ ಅಮ್ಮ ಬಾಣಂತನ ಹೇಗೆ ಮಾಡುತ್ತಾಳೆ ಅಂತ ಎಂಟನೇ ತಿಂಗಳವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಮದುವೆ ತಡವಾದವರು, ಓದು ಕೆಲಸ ಅಂತ ಮುಂದೂಡಿದವರು, ವರ್ಷಗಟ್ಟಲೆ ಕಾದವರು, ಒಟ್ಟಿನಲ್ಲಿ 35 ದಾಟಿ ಮೊದಲ ಮಗುವಿಗೆ ಸಿದ್ಧವಾಗುತ್ತಿರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಯಾವ ಪರೀಕ್ಷೆ ಯಾವಾಗ ಅನ್ನುವುದನ್ನು ಕ್ರಮವಾಗಿ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾಗಿ, ನಮಗೆ ವಯಸ್ಸಾದ ಹಾಗೆ ನಮ್ಮನ್ನು ನೋಡಿಕೊಳ್ಳಬೇಕಾದವರಿಗೂ ವಯಸ್ಸಾಗಿರುತ್ತದೆ. ಅದಕ್ಕೆ ಏನು ಸಿದ್ಧತೆ ಬೇಕು ಅಂತಲೂ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವುದನ್ನು ನಿಮ್ಮ ಡಾಕ್ಟರ ಮುಂದಿಟ್ಟು, ನಿಮಗೆ ಯಾವುದು ಅನ್ವಯಿಸುತ್ತದೆ ಅಂತ ಕೇಳಿ.

1. ಪ್ರಯತ್ನ ಶುರು ಮಾಡುವ ಮೊದಲು ಇಬ್ಬರೂ ಆಸ್ಪತ್ರೆಗೆ ಹೋಗಿ

'ಮೊದಲು ನಿಲ್ಲಲಿ, ಆಮೇಲೆ ಡಾಕ್ಟರ ಹತ್ತಿರ ಹೋಗೋಣ' ಅನ್ನುವುದು ಇಪ್ಪತ್ತೈದರಲ್ಲಿ ನಡೆಯುತ್ತದೆ. ಮೂವತ್ತೈದರ ಮೇಲೆ ಡಾಕ್ಟರ ಹತ್ತಿರ ಮೊದಲೇ ಹೋಗಬೇಕು. ಈ ವಯಸ್ಸಿಗೆ ನಮಗೆ ಗೊತ್ತೇ ಆಗದೆ ಬಿಪಿ, ಶುಗರ್, ಥೈರಾಯ್ಡ್, ಗರ್ಭಕೋಶದ ಗಡ್ಡೆ ಯಾವುದಾದರೂ ಸಣ್ಣದಾಗಿ ಶುರುವಾಗಿರಬಹುದು. ಮೊದಲೇ ಗೊತ್ತಾದರೆ ಸರಿ ಮಾಡಿಕೊಳ್ಳಲು ಟೈಮ್ ಇರುತ್ತದೆ.

ಹಿಮೋಗ್ಲೋಬಿನ್, ರಕ್ತದ ಗುಂಪು, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾಕ್ಕೆ ಪರೀಕ್ಷೆ, ಬಸಿರಿನಲ್ಲಿ ಬಂದರೆ ಮಗುವಿಗೆ ಹಾನಿ ಮಾಡುವ ರುಬೆಲ್ಲಾ ಸೋಂಕಿಗೆ ನಿರೋಧಕ ಶಕ್ತಿ ಇದೆಯೇ ಅನ್ನುವ ಪರೀಕ್ಷೆ, ಹೊಟ್ಟೆಯ ಒಂದು ಸ್ಕ್ಯಾನ್. ಇಷ್ಟನ್ನು ಕೇಳಿ ಮಾಡಿಸಿ. ರುಬೆಲ್ಲಾ ಲಸಿಕೆ ಬೇಕಾಗಿ ಬಂದರೆ ಅದನ್ನು ಬಸಿರಾದ ಮೇಲೆ ಕೊಡುವುದಿಲ್ಲ. ಮೊದಲೇ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು.

ನೀವು ಈಗಾಗಲೇ ಬಿಪಿ, ಕೊಲೆಸ್ಟ್ರಾಲ್, ಫಿಟ್ಸ್ ಅಥವಾ ಮನಸ್ಸಿಗೆ ಸಂಬಂಧಿಸಿದ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿಯನ್ನು ಜೊತೆಗೆ ಒಯ್ಯಿರಿ. ಬಿಪಿಯ ಕೆಲವು ಮಾತ್ರೆಗಳು ಮಗುವಿಗೆ ಆಗುವುದಿಲ್ಲ, ಬೇರೆಯದಕ್ಕೆ ಬದಲಾಯಿಸುತ್ತಾರೆ. ನೀವೇ ಸುಮ್ನೆ ನಿಲ್ಲಿಸಿಬಿಡಬೇಡಿ.

ಅವತ್ತಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಶುಗರ್ ಇದ್ದವರಿಗೆ, ಫಿಟ್ಸ್ ಮಾತ್ರೆ ತಗೊಳ್ಳುವವರಿಗೆ ಡಾಕ್ಟರ್ 5 ಮಿಲಿಗ್ರಾಂ ಬರೆಯುತ್ತಾರೆ. ಮಗುವಿನ ಮಿದುಳು ಮತ್ತು ಬೆನ್ನುಹುರಿ ರೂಪ ತಳೆಯುವ ನಾಳ, ಬಸಿರು ನಿಂತ 28 ದಿನದೊಳಗೆ ಮುಚ್ಚಿಕೊಂಡುಬಿಡುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಜನಕ್ಕೆ ಬಸಿರಾಗಿರುವುದೇ ಗೊತ್ತಿರುವುದಿಲ್ಲ. ಅದಕ್ಕೇ ಒಂದು ತಿಂಗಳಾದರೂ ಮೊದಲೇ ಶುರು ಮಾಡಬೇಕು.

ಎಎಮ್‌ಎಚ್ ಅನ್ನುವ ರಕ್ತಪರೀಕ್ಷೆಯನ್ನೂ ಬರೆಯಬಹುದು. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಹೊಸದಾಗಿ ಹುಟ್ಟುವುದಿಲ್ಲ. ಈಗ ಎಷ್ಟು ಉಳಿದಿರಬಹುದು ಅಂತ ಎಎಮ್‌ಎಚ್ ಅಂದಾಜು ಕೊಡುತ್ತದೆ. ಅಂಡದ ಗುಣಮಟ್ಟ ಹೇಗಿದೆ ಅಂತ ಅದು ಹೇಳುವುದಿಲ್ಲ. ಎಎಮ್‌ಎಚ್ ಕಡಿಮೆ ಬಂದವರೂ ತಾನಾಗಿ ಬಸಿರಾಗಿದ್ದಾರೆ. ಆ ನಂಬರ್ ನೋಡಿ ಅವತ್ತೇ ಅಳುತ್ತಾ ಮನೆಗೆ ಬರಬೇಡಿ.

ಗಂಡನ ವೀರ್ಯ ಪರೀಕ್ಷೆಯನ್ನು ಮುಂದೂಡುವುದು ಬೇಡ. ಖರ್ಚು ಕಡಿಮೆ, ನೋವಿಲ್ಲ, ಒಂದೇ ದಿನದ ಕೆಲಸ. ಆದರೂ ನಮ್ಮ ಕಡೆ ಹೆಂಗಸಿಗೆ ಹತ್ತು ಪರೀಕ್ಷೆ ಮಾಡಿಸಿ, ಗಂಡಸಿನದು ಕೊನೆಗೆ ಬರುತ್ತದೆ. ಮಕ್ಕಳಾಗದ ಜೋಡಿಗಳಲ್ಲಿ ಕಾರಣ ಗಂಡಸಿನ ಕಡೆ ಇರುವುದೂ ಸಾಮಾನ್ಯವೇ. ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕು. ಗುಟ್ಕಾ, ಸಿಗರೇಟು, ಕುಡಿತ ಇವತ್ತು ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ನಂತರ.

2. ಆರು ತಿಂಗಳು ಅಷ್ಟೇ ಕಾಯಿರಿ

ಅಂಡ ಬಿಡುಗಡೆಯಾದ ಮೇಲೆ ಒಂದು ದಿನವಷ್ಟೇ ಬದುಕುತ್ತದೆ, ವೀರ್ಯಾಣು ಐದು ದಿನದವರೆಗೆ ಇರಬಲ್ಲದು. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮುಟ್ಟಾದ 9ನೇ ದಿನದಿಂದ 15ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ಲೆಕ್ಕ ಹಾಕಿ ಹಾಕಿ ಮಲಗುವ ಕೋಣೆಯನ್ನು ಪರೀಕ್ಷೆಯ ಹಾಲ್ ಮಾಡಿಕೊಳ್ಳಬೇಡಿ.

35ಕ್ಕಿಂತ ಚಿಕ್ಕವರಿಗೆ ಒಂದು ವರ್ಷ ಪ್ರಯತ್ನಿಸಿ ಅಂತಾರೆ. 35 ದಾಟಿದವರಿಗೆ ಆರು ತಿಂಗಳು. 40 ಆಗಿದ್ದರೆ ಕಾಯುವುದೇ ಬೇಡ, ನೇರವಾಗಿ ಹೋಗಿ. ಹರಕೆ, ಪೂಜೆ, ನಾಟಿ ಔಷಧ ಯಾವುದನ್ನೂ ನಾನು ಬೇಡ ಅನ್ನುವುದಿಲ್ಲ. ಆದರೆ ಅದರ ಸಲುವಾಗಿ ಒಂದು ವರ್ಷ ಕಳೆಯುವುದು ಬೇಡ. ಈ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ದೊಡ್ಡದು.

ಐವಿಎಫ್, ಅಂದರೆ ಅಂಡ ಮತ್ತು ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶದಲ್ಲಿಡುವ ಚಿಕಿತ್ಸೆ. ಅದರ ಸೆಂಟರಿಗೆ ಹೋಗುವವರು ಒಂದು ಮಾತು ತಿಳಿದಿರಿ. ಐವಿಎಫ್ ಅಂಡದ ವಯಸ್ಸನ್ನು ಕಡಿಮೆ ಮಾಡುವುದಿಲ್ಲ. 40 ದಾಟಿದ ಮೇಲೆ ಸ್ವಂತ ಅಂಡದಿಂದ ಫಲಿಸುವ ಸಾಧ್ಯತೆ ವರ್ಷ ವರ್ಷಕ್ಕೂ ಇಳಿಯುತ್ತದೆ. ಟಿವಿಯಲ್ಲಿ 45, 48ಕ್ಕೆ ತಾಯಿಯಾದವರ ಸುದ್ದಿ ಬಂದಾಗ, ಅವರಲ್ಲಿ ಬಹಳ ಜನಕ್ಕೆ ದಾನಿಯ ಅಂಡ ಬಳಸಿರುತ್ತಾರೆ. ಅದನ್ನು ಹೇಳಿರುವುದಿಲ್ಲ ಅಷ್ಟೇ. ಸೆಂಟರಿನಲ್ಲಿ ಇದನ್ನು ಕೇಳಿ: ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡದಿಂದ, ಮಗು ಕೈಗೆ ಬಂದದ್ದು ನೂರಕ್ಕೆ ಎಷ್ಟು? 'ಪಾಸಿಟಿವ್ ಎಷ್ಟು' ಅನ್ನುವ ಲೆಕ್ಕ ಬೇರೆ, ಮಗು ಕೈಗೆ ಬರುವ ಲೆಕ್ಕ ಬೇರೆ. ಎಷ್ಟು ಭ್ರೂಣ ಒಳಗಿಡುತ್ತೀರಿ ಅಂತಲೂ ಕೇಳಿ. ಅವಳಿ ಅಂದರೆ ಎಲ್ಲರಿಗೂ ಖುಷಿ, ನಿಜ. ಆದರೆ ನಲವತ್ತರ ಮೈಗೆ ಅವಳಿ ಬಸಿರು ಭಾರ. ಬಿಪಿ, ದಿನ ತುಂಬುವ ಮೊದಲೇ ಹೆರಿಗೆ, ಎಲ್ಲದರ ಸಾಧ್ಯತೆಯೂ ಹೆಚ್ಚುತ್ತದೆ.

2021ರ ಕಾನೂನಿನ ಪ್ರಕಾರ ಈ ಚಿಕಿತ್ಸೆಗೆ ಹೆಂಗಸಿನ ವಯಸ್ಸು 21ರಿಂದ 50, ಗಂಡಸಿನ ವಯಸ್ಸು 21ರಿಂದ 55ರ ಒಳಗೆ ಇರಬೇಕು. ಸೆಂಟರ್ ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ದತ್ತು ತಗೊಳ್ಳುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೆ ಅದಕ್ಕೂ ವಯಸ್ಸಿನ ಮಿತಿ ಇದೆ. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿ ಇಬ್ಬರ ವಯಸ್ಸು ಸೇರಿ 85 ಮೀರಬಾರದು. ಒಂಟಿ ಮಹಿಳೆಯಾದರೆ 40. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90 ಮತ್ತು 45. ಅರ್ಜಿ ಹಾಕುವುದು ಕೇಂದ್ರ ಸರ್ಕಾರದ 'ಕಾರಾ' ಸಂಸ್ಥೆಯ ವೆಬ್‌ಸೈಟಿನಲ್ಲಿ. ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಚಿಕಿತ್ಸೆ ಎಲ್ಲ ಮುಗಿದ ಮೇಲೆ ನೋಡೋಣ ಅಂದುಕೊಂಡವರಿಗೆ ಅಷ್ಟರಲ್ಲಿ ವಯಸ್ಸು ಮೀರಿರುತ್ತದೆ.

3. ಎರಡು ಗೆರೆ ಕಂಡ ಮೇಲೆ

ಮುಟ್ಟು ನಿಂತ ಎರಡು ಮೂರು ವಾರದಲ್ಲಿ ಮೊದಲ ಸ್ಕ್ಯಾನ್ ಮಾಡಿಸಿ. ಬಸಿರು ಗರ್ಭಕೋಶದ ಒಳಗೇ ನಿಂತಿದೆಯೇ, ಒಂದೇ ಮಗುವೇ, ಎದೆಬಡಿತ ಇದೆಯೇ ಅಂತ ನೋಡುತ್ತಾರೆ. ವಯಸ್ಸು ಹೆಚ್ಚಿದ ಹಾಗೆ ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಬಸಿರು ನಿಲ್ಲುವ ಸಾಧ್ಯತೆಯೂ ಹೆಚ್ಚು. ಹೊಟ್ಟೆಯ ಒಂದೇ ಕಡೆ ತಡೆಯಲಾರದ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ನನ್ನ ಫೈಲಿನ ಮೇಲೆ ನರ್ಸ್ ಕೆಂಪು ಪೆನ್ನಿನಲ್ಲಿ 'ಎಲ್ಡರ್ಲಿ ಪ್ರೈಮಿ', ಅಂದರೆ ವಯಸ್ಸಾದ ಚೊಚ್ಚಲ ಬಸುರಿ ಅಂತ ಬರೆದರು. ಆವತ್ತು ತುಂಬಾ ನೋವಾಯಿತು. ಆಮೇಲೆ ಅರ್ಥವಾಯಿತು, ಅದು ಬೈಗುಳವಲ್ಲ, ಈ ಹೆಂಗಸನ್ನು ಸ್ವಲ್ಪ ಜಾಸ್ತಿ ಗಮನಿಸಿ ಅನ್ನುವ ಗುರುತು. ನಿಮ್ಮ ಫೈಲಿನಲ್ಲೂ ಬರೆಯುತ್ತಾರೆ. ಬರೆಯಲಿ.

ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದರೂ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಪಾಯ ಹೆಚ್ಚಿರುವವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಾಕುತ್ತಾರೆ. ಮೊದಲ ಮಗುವಿಗೆ ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿಗೂ ಈ ನೋಂದಣಿ ಬೇಕು.

ಗರ್ಭಪಾತದ ಮಾತನ್ನೂ ಆಡಿಬಿಡಬೇಕು. ಇಪ್ಪತ್ತರ ಹರೆಯದಲ್ಲಿ ಹತ್ತು ಬಸಿರಿನಲ್ಲಿ ಒಂದು ನಿಲ್ಲದಿದ್ದರೆ, ನಲವತ್ತರ ಹೊತ್ತಿಗೆ ಮೂರರಲ್ಲಿ ಒಂದು ನಿಲ್ಲುವುದಿಲ್ಲ. ಬಹಳಷ್ಟು ಸಲ ಕಾರಣ ಕ್ರೋಮೋಸೋಮಿನ ದೋಷ. ಪಪ್ಪಾಯಿ ತಿಂದದ್ದಲ್ಲ, ಬಸ್ಸಿನಲ್ಲಿ ಓಡಾಡಿದ್ದಲ್ಲ, ಯಾರ ಕಣ್ಣೂ ಅಲ್ಲ. ನನಗೂ ಮಗಳಿಗಿಂತ ಮೊದಲು ಒಂದು ಹೋಗಿತ್ತು. ಎಂಟನೇ ವಾರ. ಎಲ್ಲಿ ತಪ್ಪು ಮಾಡಿದೆ ಅಂತ ದಿನಾ ಹುಡುಕುತ್ತಿದ್ದೆ. ಅಂಥ ದಿನ ನಿಮಗೆ ಬಂದರೆ ದಯವಿಟ್ಟು ಹುಡುಕಬೇಡಿ. ಕೆಲಸದಲ್ಲಿರುವ ಹೆಂಗಸಿಗೆ ಗರ್ಭಪಾತವಾದರೆ ಕಾನೂನಿನಲ್ಲಿ ಆರು ವಾರ ಸಂಬಳದ ರಜೆ ಇದೆ. ತಗೊಳ್ಳಿ.

4. ಹನ್ನೊಂದರಿಂದ ಇಪ್ಪತ್ತನೇ ವಾರ: ತಾರೀಕು ತಪ್ಪಿಸಬಾರದ ಪರೀಕ್ಷೆಗಳು

ತಾಯಿಯ ವಯಸ್ಸಿಗೂ ಡೌನ್ ಸಿಂಡ್ರೋಮಿಗೂ (ಒಂದು ಕ್ರೋಮೋಸೋಮ್ ಹೆಚ್ಚಿದ್ದು ಮಗುವಿನ ಬೆಳವಣಿಗೆ, ಬುದ್ಧಿ ನಿಧಾನವಾಗುವ ಸ್ಥಿತಿ) ನೇರ ಸಂಬಂಧ ಇದೆ. 35ರಲ್ಲಿ ಸುಮಾರು 350 ಮಕ್ಕಳಲ್ಲಿ ಒಂದಕ್ಕೆ, 40ರಲ್ಲಿ ಸುಮಾರು 100ರಲ್ಲಿ ಒಂದಕ್ಕೆ, 45ರಲ್ಲಿ ಸುಮಾರು 30ರಲ್ಲಿ ಒಂದಕ್ಕೆ ಇರುತ್ತದೆ. ನಲವತ್ತರಲ್ಲೂ ನೂರಕ್ಕೆ 99 ಮಕ್ಕಳಿಗೆ ಅದು ಇರುವುದಿಲ್ಲ ಅನ್ನುವುದನ್ನೂ ಇದೇ ಲೆಕ್ಕ ಹೇಳುತ್ತದೆ, ಅಲ್ವಾ?

ಮೊದಲನೆಯದು ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ. 11 ವಾರದಿಂದ 13 ವಾರ 6 ದಿನದೊಳಗೆ ಆಗಬೇಕು. 14ನೇ ವಾರಕ್ಕೆ ಹೋದರೆ ಆ ಅಳತೆ ಉಪಯೋಗಕ್ಕೆ ಬರುವುದಿಲ್ಲ. ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ ಅಳೆಯುತ್ತಾರೆ, ಮೂಗಿನ ಮೂಳೆ ನೋಡುತ್ತಾರೆ. ನನ್ನ ಸ್ಕ್ಯಾನಿನ ದಿನ ಮಗು ಬೆನ್ನು ತಿರುಗಿಸಿಕೊಂಡು ಮಲಗಿತ್ತು. ಡಾಕ್ಟರ್ ಹೊರಗೆ ಹೋಗಿ ನಡೆದಾಡಿ ಬನ್ನಿ ಅಂದರು. ಕಾರಿಡಾರಿನಲ್ಲಿ ಮೂರು ಸುತ್ತು ಹಾಕಿ, ಒಂದು ಲೋಟ ಜ್ಯೂಸ್ ಕುಡಿದು ಮತ್ತೆ ಮಲಗಿದೆ. 'ಈಗ ತಿರುಗಿದೆ ನೋಡಿ, ಮೂಗಿನ ಮೂಳೆ ಕಾಣ್ತಿದೆ' ಅಂದರು. ತೆರೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗೆರೆ.

ರಕ್ತದ ರಿಪೋರ್ಟ್ ಬಂದಾಗ ಅದರಲ್ಲಿ 1:190 ಅಂತ ಇತ್ತು. 250ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ 'ಹೈ ರಿಸ್ಕ್' ಅಂತ ಅಚ್ಚಾಗಿರುತ್ತದೆ. ಅದರ ಅರ್ಥ ಮಗುವಿಗೆ ತೊಂದರೆ ಇದೆ ಅಂತಲ್ಲ. ಇಂಥ ರಿಪೋರ್ಟ್ ಬಂದ 190 ತಾಯಂದಿರಲ್ಲಿ 189 ಜನರ ಮಗುವಿಗೆ ತೊಂದರೆ ಇರುವುದಿಲ್ಲ ಅಂತ. ಮುಂದಿನ ಪರೀಕ್ಷೆ ಮಾಡಿಸಿ ಅಂತ ಅದು ಹೇಳುತ್ತಿದೆ ಅಷ್ಟೇ.

ಮುಂದಿನ ಪರೀಕ್ಷೆ ಎರಡು ಥರ. ಎನ್‌ಐಪಿಟಿ ಅಂದರೆ ತಾಯಿಯ ರಕ್ತದಲ್ಲಿಯೇ ಮಗುವಿನ ಕಡೆಯ ಡಿಎನ್‌ಎ ಹುಡುಕುವುದು. 10ನೇ ವಾರದಿಂದ ಮಾಡಬಹುದು, ದುಬಾರಿ, ಮಗುವಿಗೆ ಏನೂ ಅಪಾಯ ಇಲ್ಲ. ಡೌನ್ ಸಿಂಡ್ರೋಮಿನ ವಿಷಯದಲ್ಲಿ ತುಂಬಾ ನಂಬಬಹುದಾದದ್ದು. ಆದರೂ ಅದು ಜರಡಿ ಹಿಡಿಯುವ ಪರೀಕ್ಷೆಯೇ. ಅದರಲ್ಲಿ ಪಾಸಿಟಿವ್ ಬಂದರೆ ಸೂಜಿ ಹಾಕಿ ಖಚಿತ ಮಾಡಿಕೊಳ್ಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಖಚಿತ ಮಾಡುವುದು ಅಮ್ನಿಯೋಸೆಂಟೆಸಿಸ್, ಅಂದರೆ ಹೊಟ್ಟೆಯ ಮೇಲಿಂದ ಸಣ್ಣ ಸೂಜಿ ಹಾಕಿ ಗರ್ಭದ ನೀರು ತೆಗೆಯುವುದು. 15 ವಾರದ ಮೇಲೆ ಮಾಡುತ್ತಾರೆ. ಅದರಿಂದ ಬಸಿರು ಹೋಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ.

18ರಿಂದ 20 ವಾರದಲ್ಲಿ ಅನಾಮಲಿ ಸ್ಕ್ಯಾನ್. ತಲೆಯಿಂದ ಕಾಲಿನವರೆಗೆ ಒಂದೊಂದೇ ಅಂಗ ನೋಡುತ್ತಾರೆ. ಇದನ್ನು 'ಮುಂದಿನ ತಿಂಗಳು ನೋಡೋಣ' ಅಂತ ತಳ್ಳಬೇಡಿ. ಏನಾದರೂ ಕಂಡರೆ ಎರಡನೇ ಅಭಿಪ್ರಾಯಕ್ಕೆ ಟೈಮ್ ಬೇಕು. ಗರ್ಭಪಾತ ಮಾಡಿಸಿಕೊಳ್ಳುವ ಕಾನೂನಿನಲ್ಲಿ 20 ವಾರ, 24 ವಾರ ಅಂತ ಗಡಿಗಳಿವೆ. 24 ವಾರ ದಾಟಿದರೆ ಮಗುವಿನಲ್ಲಿ ಗಂಭೀರ ದೋಷ ಇದ್ದಾಗ ಮಾತ್ರ, ಅದೂ ವೈದ್ಯಕೀಯ ಮಂಡಳಿ ಒಪ್ಪಬೇಕು.

ಸ್ಕ್ಯಾನ್ ಮಾಡುವಾಗ ಫಾರ್ಮಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, 1994ರ ಕಾಯ್ದೆಯ ಪ್ರಕಾರ ಗಂಡೋ ಹೆಣ್ಣೋ ಅಂತ ಹೇಳುವುದಿಲ್ಲ. ಕೇಳಲೂಬೇಡಿ.

5. ಬಿಪಿ, ಶುಗರ್, ಊಟ

ತಡವಾದ ಬಸಿರಿನಲ್ಲಿ ಡಾಕ್ಟರುಗಳು ಹೆದರುವುದು ಬಿಪಿಗೆ. 20 ವಾರದ ಮೇಲೆ ಬಿಪಿ 140/90 ಮುಟ್ಟಿದರೆ ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಕಾಯಿಲೆ ಇದೆಯೇ ಅಂತ ನೋಡುತ್ತಾರೆ. ಅಪಾಯ ಹೆಚ್ಚಿದ್ದವರಿಗೆ 12ನೇ ವಾರದ ನಂತರ, 16ನೇ ವಾರದ ಮೊದಲು ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ. ನಿಮಗೆ ಅದು ಬೇಕಾ ಅಂತ 12ನೇ ವಾರಕ್ಕೆ ನೀವೇ ಕೇಳಿ. ಮನೆಗೆ ಒಂದು ಬಿಪಿ ಮಷೀನ್ ತನ್ನಿ. ಹೇಗೂ ಮನೆಯಲ್ಲಿ ಅಪ್ಪ ಅಮ್ಮನಿಗೂ ಬೇಕಾಗುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಇದ್ದಕ್ಕಿದ್ದಂತೆ ಮುಖ ಕೈ ಊದುವುದು, ಇವುಗಳಲ್ಲಿ ಯಾವುದು ಬಂದರೂ ಆವತ್ತೇ ಹೋಗಿ.

ಶುಗರ್ ಪರೀಕ್ಷೆ ಎರಡು ಸಲ, ಮೊದಲ ಭೇಟಿಯಲ್ಲಿ ಮತ್ತು 24ರಿಂದ 28 ವಾರದಲ್ಲಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ, 140 ಅಥವಾ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ನನಗೆ 152 ಬಂತು. ಊಟದಲ್ಲೇ ಹಿಡಿತಕ್ಕೆ ಬಂತು. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ತಿಂದರೆ ಶುಗರ್ ಏರಿಯೇ ಏರುತ್ತದೆ. ಅರ್ಧ ಮುದ್ದೆ, ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಳಿನ ಸಾರು ಅಥವಾ ಮೊಟ್ಟೆ, ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡಿಗೆ. ನನಗೆ ಇಷ್ಟರಲ್ಲಿ ಕೆಲಸ ನಡೆಯಿತು. ಕೆಲವರಿಗೆ ಇನ್ಸುಲಿನ್ ಬೇಕಾಗುತ್ತದೆ. ಅದರಿಂದ ಮಗುವಿಗೆ ತೊಂದರೆ ಇಲ್ಲ.

'ಇಬ್ಬರ ಊಟ ಮಾಡು' ಅಂತ ಎಲ್ಲರೂ ಬಡಿಸುತ್ತಾರೆ. ನಿಜವಾಗಿ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು, ಅದೂ ಮೂರು ತಿಂಗಳ ನಂತರ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತಗೊಳ್ಳಿ, ಶುಗರ್ ಇದ್ದವರು ಸಕ್ಕರೆ ಹಾಕದ ನಿಂಬೆ ನೀರು. ಕಾಫಿಗೆ ಒಂದು ಗಂಟೆ ದೂರ ಇಡಿ.

28 ವಾರದ ನಂತರ ಮಗುವಿನ ಅಲುಗಾಟ ದಿನಾ ಗಮನಿಸಿ. ಯಾವತ್ತಿನಂತೆ ಇಲ್ಲ ಅನಿಸಿದರೆ ಅದೇ ದಿನ ತೋರಿಸಿ. ಬರೀ ಭಯ ಅಂತ ಡಾಕ್ಟರ್ ಏನಾದರೂ ಅಂದುಕೊಂಡರೆ ಅಂದುಕೊಳ್ಳಲಿ.

6. ಆಫೀಸು, ದುಡ್ಡು

ಕಳೆದ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಮೊದಲ ಮಗುವಿಗೆ 26 ವಾರ ಸಂಬಳದ ಹೆರಿಗೆ ರಜೆ ಕಾನೂನಿನಲ್ಲಿದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತಗೊಳ್ಳಬಹುದು. ನನ್ನ ಸಲಹೆ, ಮೈ ಒಪ್ಪುವ ತನಕ ಕೆಲಸ ಮಾಡಿ, ರಜೆಯನ್ನು ಆಮೇಲಿಗೆ ಉಳಿಸಿಕೊಳ್ಳಿ. ಈ ವಯಸ್ಸಿಗೆ ನಾವು ಆಫೀಸಿನಲ್ಲಿ ಸ್ವಲ್ಪ ದೊಡ್ಡ ಜಾಗದಲ್ಲಿರುತ್ತೇವೆ, 'ನಾನಿಲ್ಲದೆ ನಡೆಯಲ್ಲ' ಅನಿಸುತ್ತದೆ. ನಡೆಯುತ್ತದೆ. ಏಳನೇ ತಿಂಗಳಿಗೇ ಕೆಲಸ ಒಪ್ಪಿಸಿಬಿಡಿ.

ಆರೋಗ್ಯ ವಿಮೆಯಲ್ಲಿ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇರುತ್ತದೆ, ಕೆಲವದರಲ್ಲಿ ಎರಡು ಮೂರು ವರ್ಷ. ಪಾಲಿಸಿ ಓದಿ. ಆಫೀಸಿನ ಗುಂಪು ವಿಮೆಯಲ್ಲಿ ಹಲವು ಸಲ ಮೊದಲ ದಿನದಿಂದಲೇ ಇರುತ್ತದೆ. ಹಾಗೆಯೇ ಒಂದು ಹಾಳೆಯಲ್ಲಿ ನಿಮಗೆ 60 ಆಗುವಾಗ ಮಗುವಿಗೆ ಎಷ್ಟು ಅಂತ ಬರೆಯಿರಿ. ನನ್ನ ಮಗಳು ಆಗ 21. ಓದಿನ ಖರ್ಚು ಜೋರಾಗಿರುವ ಹೊತ್ತಿಗೆ ಸಂಬಳ ನಿಲ್ಲುತ್ತದೆ. ಇಬ್ಬರ ಹೆಸರಿನಲ್ಲೂ ಒಂದೊಂದು ಟರ್ಮ್ ಇನ್ಶೂರೆನ್ಸ್ ಮಾಡಿಸಿ, ಬಸಿರಿಗೆ ಮೊದಲೇ ಆದರೆ ಒಳ್ಳೆಯದು.

7. ಹೆರಿಗೆ

35 ದಾಟಿದವರಿಗೆಲ್ಲ ಸಿಸೇರಿಯನ್ ಅನ್ನುವುದು ಸುಳ್ಳು. ಸಾಧ್ಯತೆ ಹೆಚ್ಚು, ಅಷ್ಟೇ. 'ನನಗೆ ಸಿಸೇರಿಯನ್ ಯಾಕೆ ಬೇಕು' ಅಂತ ಕೇಳಿದಾಗ 'ನಿಮಗೆ ವಯಸ್ಸಾಗಿದೆ' ಅನ್ನುವುದಷ್ಟೇ ಉತ್ತರವಾದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ. ಬಿಪಿ, ಮಗುವಿನ ಬೆಳವಣಿಗೆ, ಮಾಸು ಕೆಳಗಿರುವುದು ಇವೆಲ್ಲ ಕಾರಣಗಳು. ಆದರೆ 40ರ ಆಸುಪಾಸಿನವರಿಗೆ ದಿನ ಮೀರುವವರೆಗೆ ಕಾಯದೆ 39, 40 ವಾರಕ್ಕೆ ನೋವು ಬರಿಸುವುದು ಒಳ್ಳೆಯದು ಅಂತ ಡಾಕ್ಟರುಗಳು ಹೇಳುತ್ತಾರೆ. ವಯಸ್ಸಾದ ತಾಯಿಯಲ್ಲಿ ಕೊನೆಯ ವಾರಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಸ್ವಲ್ಪ ಏರುತ್ತದೆ. ಅದಕ್ಕೆ ಒಳ್ಳೆ ನಕ್ಷತ್ರ ಬರಲಿ ಅಂತ ಹಟ ಹಿಡಿಯಬೇಡಿ.

ಆಸ್ಪತ್ರೆ ಆರಿಸುವಾಗ ನೋಡಬೇಕಾದದ್ದು ರೂಮಿನ ಏಸಿ ಅಲ್ಲ. ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರ್ ಇರುತ್ತಾರಾ, ರಕ್ತ ಸಿಗುತ್ತದಾ, ಎಳೆ ಮಕ್ಕಳ ಐಸಿಯು ಇದೆಯಾ ಕೇಳಿ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್‌ನಂಥ ಸರ್ಕಾರಿ ಆಸ್ಪತ್ರೆಗಳು ಕಷ್ಟದ ಹೆರಿಗೆಗಳನ್ನು ದಿನವೂ ನೋಡುತ್ತವೆ. ಊರು ದೂರವಿದ್ದರೆ ಕೊನೆಯ ಎರಡು ವಾರ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಬಂದಿರಿ.

8. ಬಾಣಂತನ: ಕೈಗಳನ್ನು ಲೆಕ್ಕ ಹಾಕಿ

ನಾನು ತುಂಬಾ ತಡವಾಗಿ ಕಲಿತದ್ದು ಇದು. ನೀವು ಐದನೇ ತಿಂಗಳಿಗೇ ಮಾಡಿ.

ನಮ್ಮ ಬಾಣಂತನದ ಪದ್ಧತಿ ಎಲ್ಲ ನಿಂತಿರುವುದು ನಲವತ್ತೈದು ಐವತ್ತು ವರ್ಷದ ಗಟ್ಟಿಮುಟ್ಟಾದ ತಾಯಿಯ ಮೇಲೆ. ಬೆಳಿಗ್ಗೆ ಹಂಡೆ ಒಲೆ ಹಚ್ಚುವುದು, ಎಣ್ಣೆ ತಿಕ್ಕುವುದು, ನೀರು ಹಾಕುವುದು, ಬಾಣಂತಿ ಖಾರ ಕುಟ್ಟುವುದು, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳುವುದು. ಅಕ್ಕನ ಬಾಣಂತನ ಮಾಡುವಾಗ ಅಮ್ಮನಿಗೆ 52. ಒಬ್ಬಳೇ ಎಲ್ಲವನ್ನೂ ಮಾಡಿದ್ದಳು. ನನ್ನದಕ್ಕೂ ಅವಳೇ ಮಾಡುತ್ತೇನೆ ಅಂದಳು, ನಾನು ಹೂಂ ಅಂದೆ.

ಹೊಕ್ಕಳು ಬಿದ್ದ ಮೇಲೆ, ಹನ್ನೊಂದನೇ ದಿನ ಅಮ್ಮ ಬಚ್ಚಲಲ್ಲಿ ಮಣೆ ಹಾಕಿ ಕೂತಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಾಲು ಚಾಚಿದಳು. ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ, ಒಂದು ಕೈಯಲ್ಲಿ ತಲೆ ಹಿಡಿದು, ಚೊಂಬಿನಿಂದ ಬೆನ್ನಿಗೆ ನೀರು ಹಾಕಿದಳು. ಎಷ್ಟು ಚೆನ್ನಾಗಿ ಹಾಕಿದಳು ಅಂದರೆ ಮಗು ಅಳಲೇ ಇಲ್ಲ. ಆದರೆ ಏಳುವಾಗ ಕಾಲು ಮಡಚಲಾಗಲಿಲ್ಲ. ಒದ್ದೆ ನೆಲ, ಕೈಯಲ್ಲಿ ಎಣ್ಣೆ ಜಾರುವ ಕೂಸು. ನನ್ನ ಗಂಡ ಓಡಿಬಂದು ಮಗುವನ್ನು ಎತ್ತಿಕೊಂಡರು. ನಾನು ಹೊಲಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ, ಬಗ್ಗಲು ನನ್ನಿಂದಲೂ ಆಗಲಿಲ್ಲ. ಅಮ್ಮ ನಲ್ಲಿ ಹಿಡಿದು, ಗೋಡೆ ಹಿಡಿದು ಎದ್ದಳು. 'ನನ್ನ ಕೈಲಿ ಆಗಲ್ಲ ಕಣೇ' ಅಂದಳು. ನೀರು ಹಾಕಲಾಗದ್ದಕ್ಕೆ ಅಮ್ಮ ಅತ್ತದ್ದನ್ನು ಆವತ್ತು ನೋಡಿದೆ.

ಅದಕ್ಕೇ ಹೇಳುತ್ತೇನೆ, ಒಂದು ಹಾಳೆ ತಗೊಂಡು ದಿನದ 24 ಗಂಟೆ ಬರೆಯಿರಿ. ಬೆಳಗಿನ ಸ್ನಾನ, ಅಡುಗೆ, ಬಟ್ಟೆ, ರಾತ್ರಿ ಹತ್ತರಿಂದ ಎರಡು, ಎರಡರಿಂದ ಆರು. ಪ್ರತಿಯೊಂದರ ಮುಂದೆ ಒಂದು ಹೆಸರು ಬರೆಯಿರಿ. ಹೆಸರಿಲ್ಲದ ಸಾಲು ಯಾವುದೋ ಅದಕ್ಕೆ ಜನ ಹುಡುಕಬೇಕು. ನೀರು ಹಾಕುವ ಹೆಂಗಸರು ಈಗಲೂ ಬಹಳ ಊರುಗಳಲ್ಲಿ ಸಿಗುತ್ತಾರೆ, ಬೆಂಗಳೂರಿನಲ್ಲೂ ಸಿಗುತ್ತಾರೆ. ಆದರೆ ಒಳ್ಳೆಯವರನ್ನು ಎರಡು ತಿಂಗಳು ಮೊದಲೇ ಬೇರೆಯವರು ಹಿಡಿದಿರುತ್ತಾರೆ. ಮಧ್ಯರಾತ್ರಿಯ ಒಂದು ಸರದಿ ಗಂಡನದು ಅಂತ ಈಗಲೇ ಮಾತಾಗಲಿ. ಅವರ ರಜೆಯನ್ನು ಹೆರಿಗೆಯ ದಿನದ ಸುತ್ತ ಪೂರ್ತಿ ಮುಗಿಸಬೇಡಿ. ನೆಂಟರೆಲ್ಲ ಹೋದ ಮೇಲೆ, ಮೂರನೇ ವಾರಕ್ಕೆ ಸ್ವಲ್ಪ ಇಟ್ಟುಕೊಳ್ಳಿ.

ಅಮ್ಮನಿಗೋ ಅತ್ತೆಗೋ ಕಣ್ಣಿನ ಪೊರೆ, ಮಂಡಿ, ಹರ್ನಿಯಾ ಅಂತ ಆಪರೇಷನ್ ಬಾಕಿ ಇದ್ದರೆ ನಿಮ್ಮ ಆರನೇ ತಿಂಗಳ ಒಳಗೆ ಮುಗಿಸಿಕೊಳ್ಳಲು ಹೇಳಿ. ಅವರ ಬಿಪಿ ಶುಗರ್ ಮಾತ್ರೆ ಎರಡು ತಿಂಗಳಿಗಾಗುವಷ್ಟು ತಂದಿಡಿ. ಬಾಣಂತಿ ಮನೆಯ ಗಡಿಬಿಡಿಯಲ್ಲಿ ಅವರು ತಮ್ಮ ಮಾತ್ರೆ ಮರೆಯುತ್ತಾರೆ.

ಅವರಿಗೆ ಕೂತು ಮಾಡುವ ಕೆಲಸ ಇರಲಿ. ನಮ್ಮಮ್ಮ ಆಮೇಲೆ ಕುರ್ಚಿ ಮೇಲೆ ಕೂತು ನೀರು ಹಾಕುವಾಕೆಗೆ 'ಕತ್ತು ಹಿಡಿಯಮ್ಮ, ನೀರು ಜಾಸ್ತಿ ಬಿಸಿ' ಅಂತ ಹೇಳುತ್ತಿದ್ದಳು. ಹಾಲು ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು ಪೂರ್ತಿ ಅವಳದೇ. ಸಬ್ಬಸಿಗೆ ಸೊಪ್ಪು ಬಿಡಿಸುವುದು, ಮೆಂತ್ಯದ ಹಿಟ್ಟು ಹುರಿಯುವುದು ಕೂಡ.

ಕೆಲವು ಪದ್ಧತಿ ಬಿಡಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವುದು ತಪ್ಪು, ಹಾಲೂಡಿಸುವವಳಿಗೆ ನೀರು ಚೆನ್ನಾಗಿ ಬೇಕು. ಸಾಂಬ್ರಾಣಿ ಹೊಗೆ ಕೂಸಿನ ಶ್ವಾಸಕ್ಕೆ ಒಳ್ಳೆಯದಲ್ಲ. ಮೂಗು ಕಿವಿಗೆ ಎಣ್ಣೆ ಬಿಡುವುದು, ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ವಯಸ್ಸಾದರೆ ಹಾಲು ಬರುವುದಿಲ್ಲ ಅನ್ನುವ ಮಾತಿಗೆ ಕಿವಿಗೊಡಬೇಡಿ. ಸಿಸೇರಿಯನ್ ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ ಅಂತ ಮೊದಲೇ ಹೇಳಿಡಿ.

ಪೂರ್ತಿ ಮಲಗಿಯೇ ಇರುವುದೂ ಬೇಡ. 35ರ ಮೇಲೆ, ಅದರಲ್ಲೂ ಸಿಸೇರಿಯನ್ ಆದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಡಾಕ್ಟರ್ ಹೇಳಿದ ಕೂಡಲೇ ಎದ್ದು ನಡೆದಾಡಿ. ಒಂದೇ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, 100.4 ಡಿಗ್ರಿ ಮೀರಿದ ಜ್ವರ, ಬಿಡದ ತಲೆನೋವು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಬಿಪಿ ಹೆರಿಗೆಯ ನಂತರವೂ ಏರಬಹುದು.

9. ಮನಸ್ಸು

ಇಷ್ಟು ವರ್ಷ ಕಾದು ಪಡೆದ ಮಗು, ಖುಷಿಯಾಗಿಯೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕೇ ಅಳು ಬಂದರೆ ಹೇಳಿಕೊಳ್ಳಲು ಆಗುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ದುಡಿದು, ನಮ್ಮ ದಿನ ನಮ್ಮ ಕೈಯಲ್ಲೇ ಇದ್ದವರಿಗೆ ಇದ್ದಕ್ಕಿದ್ದಂತೆ ಹಲ್ಲುಜ್ಜಲೂ ಬಿಡುವಿಲ್ಲದ ಬದುಕು. ಮೊದಲ ಕೆಲವು ದಿನದ ಅಳು ಸಾಮಾನ್ಯ. ಎರಡು ವಾರ ಮೀರಿದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಮುಟ್ಟಲೂ ಮನಸ್ಸಾಗದಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ದಾಖಲಾಗುವ ವಿಭಾಗ ಇದೆ. ನಿಮಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಆ ಕ್ಷಣವೇ ಪಕ್ಕದಲ್ಲಿರುವವರಿಗೆ ಹೇಳಿ, ಒಬ್ಬರೇ ಇರಬೇಡಿ.

ಪಾರ್ಕಿನಲ್ಲಿ 'ಮೊಮ್ಮಗಳಾ?' ಅಂತ ಕೇಳುವವರು ಸಿಗುತ್ತಾರೆ. 'ಮಗಳು' ಅಂತ ಹೇಳಿ ಮುಂದೆ ನಡೆಯಿರಿ.

10. ಆರನೇ ವಾರದ ಭೇಟಿ

ಮಗುವಿನ ಲಸಿಕೆಗೆ ಎಲ್ಲರೂ ಹೋಗುತ್ತೇವೆ, ನಮ್ಮ ತಪಾಸಣೆಗೆ ಹೋಗುವುದಿಲ್ಲ. ಎರಡೂ ಆರನೇ ವಾರಕ್ಕೇ ಬರುತ್ತವೆ, ಒಂದೇ ದಿನ ಇಟ್ಟುಕೊಳ್ಳಿ. ಬಿಪಿ ನೋಡಿಸಿ. ಬಸಿರಿನಲ್ಲಿ ಶುಗರ್ ಬಂದಿದ್ದರೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮತ್ತೆ ಮಾಡಿಸಿ. ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ನಮಗೆ ಜಾಸ್ತಿ, ಆಮೇಲೂ ಆಗಾಗ ನೋಡಿಸುತ್ತಿರಬೇಕು. ಕೆಮ್ಮಿದಾಗ, ನಕ್ಕಾಗ ಮೂತ್ರ ಹನಿಯುತ್ತಿದ್ದರೆ ನಾಚಿಕೆಪಡದೆ ಹೇಳಿ, ಬಹಳಷ್ಟು ಸಲ ವ್ಯಾಯಾಮದಿಂದಲೇ ಸರಿಹೋಗುತ್ತದೆ. ಗರ್ಭನಿರೋಧದ ಬಗ್ಗೆಯೂ ಕೇಳಿ. ಒಂದು ಮಗುವಿಗೆ ಇಷ್ಟು ಕಷ್ಟಪಟ್ಟವರಿಗೆ ಇನ್ನೊಂದು ತಾನಾಗಿ ನಿಲ್ಲುವುದಿಲ್ಲ ಅಂದುಕೊಳ್ಳಬೇಡಿ, ಮುಟ್ಟು ಶುರುವಾಗುವ ಮೊದಲೇ ನಿಲ್ಲಬಹುದು.

ನಾನು ಆ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಮಗುವಿಗೆ ಸೂಜಿ, ನನಗೆ ಬಿಪಿ, ಅಮ್ಮನಿಗೆ ಪಕ್ಕದ ಬ್ಲಾಕಿನಲ್ಲಿ ಮಂಡಿಯ ಎಕ್ಸ್‌ರೇ. ಮೂರು ಫೈಲುಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ನನ್ನ ಗಂಡ ಮುಂದೆ ನಡೆದರು.